ನ್ಯೂಯಾರ್ಕ್‌ನ ಅಗ್ಗದ ಕೋ-ಆಪ್ ಮನೆ: ಬೆಲೆಗಿಂತ ಮೊದಲು ಕಾಗದ ನೋಡಿ

ಹಾರ್ಲೆಮ್‌ನಲ್ಲೋ ಬ್ರಾಂಕ್ಸ್‌ನಲ್ಲೋ ಒಂದು ಎರಡು ಬೆಡ್‌ರೂಮಿನ ಮನೆ ಅಕ್ಕಪಕ್ಕದ ಮನೆಗಳಿಗಿಂತ ತೀರಾ ಕಡಿಮೆ ಬೆಲೆಗೆ ಕಂಡರೆ, ಜಾಹೀರಾತಿನ ಕೊನೆಯ ಸಾಲು ಓದಿ. ‘ಎಚ್‌ಡಿಎಫ್‌ಸಿ, ಆದಾಯ ಮಿತಿ ಇದೆ’ ಅಂತ ಇರಬಹುದು. ಭಾರತದ ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಒಂದು. ಇಲ್ಲಿ ಅದು ಹೌಸಿಂಗ್ ಡೆವಲಪ್‌ಮೆಂಟ್ ಫಂಡ್ ಕಾರ್ಪೊರೇಷನ್, ಅಂದರೆ ಕಡಿಮೆ ಆದಾಯದವರಿಗಾಗಿ ಇರುವ ಕೋ-ಆಪ್: ನಿವಾಸಿಗಳೇ ಷೇರುದಾರರಾಗಿ ಕಟ್ಟಡ ನಡೆಸುವ ಕಂಪನಿ.

ಬೆಲೆ ಯಾಕೆ ಕಡಿಮೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. 1970ರ ದಶಕದಲ್ಲಿ ನ್ಯೂಯಾರ್ಕ್‌ನ ಎಷ್ಟೋ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡಗಳನ್ನು ಹಾಗೇ ಬಿಟ್ಟು ಹೋದರು. ಅವು ನಗರದ ಕೈಗೆ ಬಂದವು. ಬಾಡಿಗೆಗಿದ್ದವರೇ ಕಟ್ಟಡ ನಡೆಸಿದರು. ಆಮೇಲೆ ಅಂಥವರಿಗೆ ಮನೆಗೆ ಬರೀ 250 ಡಾಲರಿನಂತೆ ನಗರ ಅವುಗಳನ್ನು ಮಾರಿತು. ಷರತ್ತು ಒಂದೇ: ಇನ್ನು ಮುಂದೆಯೂ ಕಡಿಮೆ ಆದಾಯದವರಿಗೇ ಮಾರಬೇಕು. ಇಂಥ ಕೋ-ಆಪ್‌ಗಳು ಈಗ ಊರಲ್ಲಿ ಸಾವಿರಕ್ಕೂ ಹೆಚ್ಚಿವೆ, ಒಂದೊಂದರ ನಿಯಮವೂ ಒಂದೊಂದು ಥರ.

ಹಾಗಾಗಿ ಮನೆ ನೋಡೋಕೆ ಹೋಗುವ ಮೊದಲೇ ಬ್ರೋಕರ್‌ನ ಕೇಳಬೇಕಾದ್ದು: ಈ ಕಟ್ಟಡದ ಆದಾಯ ಮಿತಿ ಎಷ್ಟು, ಅದು ಯಾವ ಕಾಗದದಲ್ಲಿದೆ? ‘120 ಪರ್ಸೆಂಟ್ ಇರಬೇಕು’ ಅಂತ ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ, ಕಾಗದ ತೋರಿಸಿ ಅನ್ನಿ.

ಲೆಕ್ಕ ಹಾಕುವ ಎರಡು ದಾರಿಗಳು ಹೆಚ್ಚಾಗಿ ಕಾಣುತ್ತವೆ. ಒಂದು ಸರಳ. ಆ ಪ್ರದೇಶದ ಮಧ್ಯಮ ಆದಾಯ ಅಂತ ಸರ್ಕಾರ ಪ್ರತಿವರ್ಷ ಒಂದು ಅಂಕಿ ಕೊಡುತ್ತದೆ. ಅದರ ಶೇ 120 ಅಥವಾ 165ರಷ್ಟು ಆದಾಯದವರೆಗೂ ಕೊಳ್ಳಬಹುದು, ಮನೆಯಲ್ಲಿ ಎಷ್ಟು ಜನ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಇನ್ನೊಂದು ರಾಜ್ಯದ ವಸತಿ ಕಾನೂನಿನ 576ನೇ ಸೆಕ್ಷನ್ನಿನದು, ತಲೆನೋವು ಇರುವುದು ಇಲ್ಲೇ. ವರ್ಷದ ಮೇಂಟೆನೆನ್ಸ್, ಅದಕ್ಕೆ ಕರೆಂಟು-ಗ್ಯಾಸಿನ ಖರ್ಚು, ಅದರ ಮೇಲೆ ಮೊದಲು ಹಾಕಿದ ಹಣದ ಶೇ 6. ಇಷ್ಟನ್ನೂ ಕೂಡಿಸಿ ಆರರಿಂದ ಗುಣಿಸಬೇಕು. ಅವಲಂಬಿತರು ಮೂವರೋ ಜಾಸ್ತಿಯೋ ಇದ್ದರೆ ಏಳರಿಂದ.

ಆದರೆ ‘ಮೊದಲು ಹಾಕಿದ ಹಣ’ ಯಾವುದು? ಅಂದು ಕೊಟ್ಟ 250 ಡಾಲರೋ, ಇವತ್ತು ನೀವು ಕೊಡುವ ಬೆಲೆಯೋ? ತಿಂಗಳಿಗೆ 700 ಡಾಲರ್ ಮೇಂಟೆನೆನ್ಸ್, 100 ಡಾಲರ್ ಕರೆಂಟು-ಗ್ಯಾಸ್ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 9,600 ಆಯಿತು. 250ರ ಶೇ 6 ಅಂದರೆ 15 ಡಾಲರ್. ಹಾಗೆ ನೋಡಿದರೆ ಮಿತಿ 57,690. ಅದೇ ಮನೆಯ ಇವತ್ತಿನ ಬೆಲೆ 2 ಲಕ್ಷ ಡಾಲರ್ ಅಂತ ಹಿಡಿದರೆ ಶೇ 6 ಅಂದರೆ 12,000, ಮಿತಿ 1,29,600ಕ್ಕೆ ಹೋಗುತ್ತದೆ. ಒಂದೇ ಮನೆ, ಒಂದೇ ಕಾನೂನು! ಆ ಕಟ್ಟಡದ ಬೋರ್ಡ್, ಅಂದರೆ ಕೋ-ಆಪ್‌ನ ಆಡಳಿತ ಮಂಡಳಿ, ಇದನ್ನು ಯಾವ ರೀತಿ ಓದುತ್ತದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ನಿಮ್ಮ ವಕೀಲರೂ ಅದನ್ನು ಒಪ್ಪಬೇಕು.

ಕಾಗದ ನೀವೇ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ನಗರದ ‘ಅಕ್ರಿಸ್’ ತಾಣದಲ್ಲಿ ವಿಳಾಸ ಹಾಕಿದರೆ ಕಟ್ಟಡದ ಹಳೆಯ ಕ್ರಯಪತ್ರ ಸಿಗುತ್ತದೆ. ನಗರದವರು ಮಾರುವಾಗ ಹಾಕಿದ ಷರತ್ತು ಬಹಳ ಸಲ ಅದರಲ್ಲೇ ಇರುತ್ತದೆ. ಹಾಗೇ ಕಟ್ಟಡದ ತೆರಿಗೆ ಬಾಕಿ ಇದೆಯಾ ಅಂತಲೂ ನೋಡಿಬಿಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ತೆರಿಗೆ, ನೀರಿನ ಬಿಲ್ ಬಾಕಿ ಉಳಿಸಿಕೊಂಡ ಕೆಲವು ಕೋ-ಆಪ್‌ಗಳನ್ನು ನಗರ ಹಿಂದೆ ಕಿತ್ತುಕೊಂಡು ಬೇರೆಯವರಿಗೆ ವಹಿಸಿದೆ, ಅಲ್ಲಿದ್ದವರ ಪಾಲಿನ ಷೇರು ಹೋಗೇಬಿಟ್ಟಿತು. ಇಲ್ಲಿ ನೀವು ಕೊಳ್ಳುವುದು ಕಂಪನಿಯ ಷೇರು ಮತ್ತು ಅದರ ಜೊತೆ ಬರುವ ಗುತ್ತಿಗೆ ಪತ್ರ, ಗೋಡೆ-ನೆಲ ಅಲ್ಲ. ಕಂಪನಿ ಮುಳುಗಿದರೆ ನೀವೂ ಮುಳುಗುತ್ತೀರಿ. ಮೇಂಟೆನೆನ್ಸ್ ಅಂದರೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಾಗೆ ಲಿಫ್ಟು, ಸೆಕ್ಯುರಿಟಿಗೆ ಮಾತ್ರ ಅಲ್ಲ, ಆಸ್ತಿ ತೆರಿಗೆ, ಚಳಿಗಾಲದ ಹೀಟಿಂಗ್, ಕಟ್ಟಡದ ಮೇಲಿನ ಸಾಲ ಎಲ್ಲ ಅದರಲ್ಲೇ. ಬಹಳ ಕಟ್ಟಡಗಳಿಗೆ ಸಿಗುತ್ತಿರುವ ತೆರಿಗೆ ರಿಯಾಯಿತಿ 2029ರವರೆಗೆ ಮಾತ್ರ. ಆಮೇಲೆ ಏನು ಯೋಜನೆ ಅಂತ ಬೋರ್ಡನ್ನು ಕೇಳಿ.

ಇನ್ನು ಹಣ. ನನಗೆ ಇಲ್ಲಿ ಅನ್ಯಾಯ ಅನಿಸುವುದು ಇದೇ: ಆದಾಯ ಕಡಿಮೆ ಇರಬೇಕು, ಆದರೆ ಕೈಯಲ್ಲಿ ದುಡ್ಡು ಮಾತ್ರ ಜಾಸ್ತಿ ಇರಬೇಕು! ಕಟ್ಟಡ ಚಿಕ್ಕದು, ಉಳಿತಾಯ ನಿಧಿ ಕಡಿಮೆ ಅಂತ ಎಷ್ಟೋ ಬ್ಯಾಂಕುಗಳು ಸಾಲವೇ ಕೊಡುವುದಿಲ್ಲ. ಪೂರ್ತಿ ನಗದು ಕೇಳುವ ಕಟ್ಟಡಗಳೂ ಇವೆ. ಮನೆ ಇಷ್ಟವಾದ ಮೇಲೆ ಸಾಲ ಹುಡುಕಿದರೆ ತಡವಾಯಿತು, ಈ ಕಟ್ಟಡಕ್ಕೆ ಹಿಂದೆ ಸಾಲ ಕೊಟ್ಟ ಬ್ಯಾಂಕ್ ಯಾವುದು ಅಂತ ಮೊದಲೇ ವಿಚಾರಿಸಿ.

ಊರಲ್ಲಿ ಅಪ್ಪ-ಅಮ್ಮ ದುಡ್ಡು ಕೊಡುವುದಾದರೆ ಬೇಗ ತರಿಸಿಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ದಿಢೀರನೆ ದೊಡ್ಡ ಮೊತ್ತ ಕಂಡರೆ ಎಲ್ಲಿಂದ ಬಂತು ಅಂತ ಪ್ರಶ್ನೆ ಬರುತ್ತದೆ. ಇದು ಸಾಲವಲ್ಲ, ಉಡುಗೊರೆ ಅಂತ ಅವರಿಂದ ಪತ್ರ ಬರೆಸಿಟ್ಟುಕೊಳ್ಳಿ. ಮೈಸೂರಿನಲ್ಲಿ ನಿಮ್ಮ ಹೆಸರಿಗೆ ಒಂದು ಸೈಟು ಇದೆಯಾ? ಕೆಲವು ಕಟ್ಟಡಗಳು ಆದಾಯದ ಜೊತೆ ಆಸ್ತಿಗೂ ಮಿತಿ ಹಾಕುತ್ತವೆ, ಬೇರೆ ಮನೆ ಇರಲೇಬಾರದು ಅನ್ನುವವೂ ಇವೆ. ಮುಚ್ಚಿಡಬೇಡಿ, ಅರ್ಜಿಯಲ್ಲಿ ಬರೆದುಬಿಡಿ. ಸುಳ್ಳು ಆಮೇಲೆ ಹೊರಬಂದರೆ ಮನೆಗೇ ಕುತ್ತು.

ಮಾರುವಾಗಿನ ನಿಯಮವನ್ನೂ ಕೊಳ್ಳುವಾಗಲೇ ಓದಿ. ಲಾಭದಲ್ಲಿ ಶೇ 30ರಷ್ಟನ್ನು ‘ಫ್ಲಿಪ್ ಟ್ಯಾಕ್ಸ್’ ಅಂತ ಕೋ-ಆಪ್ ಇಟ್ಟುಕೊಳ್ಳುವ ಕಟ್ಟಡಗಳಿವೆ. ನಿಮ್ಮಿಂದ ಕೊಳ್ಳುವವರಿಗೂ ಅದೇ ಆದಾಯ ಮಿತಿ, ಹಾಗಾಗಿ ಗಿರಾಕಿ ಸಿಗೋದು ನಿಧಾನ. ಬಾಡಿಗೆಗೆ ಕೊಟ್ಟು ಬೇರೆ ಊರಿಗೆ ಹೋಗುವ ಯೋಚನೆ ಇದ್ದರೆ ಈ ಮನೆ ಬೇಡವೇ ಬೇಡ, ನೀವೇ ಇರಬೇಕು ಅನ್ನುವುದು ಷರತ್ತು. ಒಂದು ಸಮಾಧಾನ: ಕೊಂಡ ಮೇಲೆ ಸಂಬಳ ಏರಿದರೆ ಸಾಮಾನ್ಯವಾಗಿ ಯಾರೂ ಮನೆ ಬಿಡಿ ಅನ್ನುವುದಿಲ್ಲ, ಮಿತಿ ನೋಡುವುದು ಕೊಳ್ಳುವ ಹೊತ್ತಿನಲ್ಲಿ.

ಅಷ್ಟು ನಗದು ಇಲ್ಲದವರು 1955ರಲ್ಲಿ ಶುರುವಾದ ಮಿಚೆಲ್-ಲಾಮಾ ಮನೆಗಳನ್ನು, ಅಂದರೆ ಮಧ್ಯಮ ಆದಾಯದವರಿಗೆ ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳನ್ನು, ನೋಡಬಹುದು. ಮುಂಗಡ ತುಂಬಾ ಕಡಿಮೆ. ಆದರೆ ಬಿಡುವಾಗ ಲಾಭ ಸಿಗುವುದಿಲ್ಲ, ಆದಾಯ ಮಿತಿ ದಾಟಿದರೆ ತಿಂಗಳ ಶುಲ್ಕದ ಮೇಲೆ ಸರ್‌ಚಾರ್ಜ್ ಬೀಳುತ್ತದೆ, ವೇಟಿಂಗ್ ಲಿಸ್ಟಂತೂ ವರ್ಷಗಟ್ಟಲೆ. ಬ್ರಾಂಕ್ಸ್‌ನ ಕೋ-ಆಪ್ ಸಿಟಿ ಅನ್ನುವ ಮಿಚೆಲ್-ಲಾಮಾ ಬಡಾವಣೆಯಲ್ಲಿ 15,372 ಮನೆಗಳಿವೆ, ಅಲ್ಲಿಂದಲೇ ವಿಚಾರಿಸಲು ಶುರು ಮಾಡಿ.