ಜಾವಕ ವಹಿಯಲ್ಲಿ ಸಿಕ್ಕ ಶಾಸಕರು

ಕಾಲೇಜಿನ ಸ್ಮರಣ ಸಂಚಿಕೆಯವರು ಕೇಳಿದ್ದು ಎರಡೇ ಪುಟ. ಶಾಸಕರ ಹಿನ್ನೆಲೆ, ಸಮಾಜಸೇವೆ, ಸಾರ್ವಜನಿಕ ಬದುಕು ಎಂದು ಶೀರ್ಷಿಕೆಯನ್ನೂ ಅವರೇ ಕೊಟ್ಟಿದ್ದರು. 2013ರಿಂದ 2018ರವರೆಗೆ ರಾಯಚೂರು ಸೀಮೆಯ ಒಬ್ಬ ಶಾಸಕರ ಬಳಿ ನಾನು ಆಪ್ತ ಸಹಾಯಕನಾಗಿದ್ದೆ. ಮೂಲತಃ ಪ್ರಥಮ ದರ್ಜೆ ಸಹಾಯಕ, ನಿಯೋಜನೆಯ ಮೇಲೆ ಅಲ್ಲಿಗೆ ಹೋದವನು. ಅಷ್ಟು ಹೊತ್ತಿಗೆ ಅವರ ಭಾಷಣಗಳನ್ನು, ಸಂತಾಪ ಸೂಚನೆಗಳನ್ನು, ಜಾತ್ರೆಯ ಶುಭಾಶಯಗಳನ್ನು ಬರೆದು ಕೈ ಪಳಗಿತ್ತು. ಒಂದೇ ರಾತ್ರಿಯಲ್ಲಿ ಪರಿಚಯ ಮುಗಿಸಿದೆ. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ದೀನದಲಿತರ ಆಶಾಕಿರಣ, ಅಭಿವೃದ್ಧಿಯ ಹರಿಕಾರ ಎಂಬ ಎಲ್ಲ ಮಾತೂ ಅದರಲ್ಲಿದ್ದವು.

ಮರುದಿನ ಬೆಳಿಗ್ಗೆ ಸಾಹೇಬರು ಕಾರು ಹತ್ತುವ ಮುಂಚೆ ನಿಂತೇ ಓದಿದರು. ಓದಿ, ಹಾಳೆಯನ್ನು ಮಡಚಿ ನನ್ನ ಜೇಬಿಗೆ ಇಟ್ಟರು. "ಚೆನ್ನಾಗಿದೆ ತಮ್ಮಾ. ಜೋಪಾನವಾಗಿ ಇಟ್ಟುಕೋ. ಮುಂದಿನ ಚುನಾವಣೆಯಲ್ಲಿ ನಾನು ಸೋತರೆ ಗೆದ್ದವನಿಗೆ ಕೊಡು. ಹೆಸರೊಂದು ಬದಲಾಯಿಸಿದರೆ ಸಾಕು, ಬೇರೆ ಅಕ್ಷರ ತಿದ್ದಬೇಕಾಗಿಲ್ಲ" ಎಂದರು.

ಸಿಟ್ಟು ಬಂದಿತ್ತು. ಆದರೆ ಹಾಳೆ ತೆಗೆದು ಮತ್ತೆ ಓದಿದಾಗ ಒಂದು ಊರಿನ ಹೆಸರೂ ಅದರಲ್ಲಿ ಕಾಣಲಿಲ್ಲ. ಇದೇ ಕಾರಣಕ್ಕೆ ಎರಡನೆಯ ಸಲ ಬರೆಯುವಾಗ ವಿಶೇಷಣಗಳನ್ನು ಬದಿಗಿಟ್ಟು ಆವಕ-ಜಾವಕ ವಹಿಗಳನ್ನು ಕೆಳಗಿಳಿಸಿದೆ. ಬರುವ ಅರ್ಜಿಗೆ ಆವಕ, ಹೋಗುವ ಪತ್ರಕ್ಕೆ ಜಾವಕ. ಕಚೇರಿಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಶಾಸಕರ ಕಚೇರಿಯಲ್ಲಿ ಇವನ್ನು ಕ್ರಮವಾಗಿ ಇಡಲೇಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ನನಗೆ ತಹಶೀಲ್ದಾರ್ ಕಚೇರಿಯಿಂದ ಅಂಟಿಕೊಂಡು ಬಂದ ಚಟ ಅದು.

ಜಾವಕ ವಹಿಯನ್ನು ತಿಂಗಳವಾರು ವಿಂಗಡಿಸುತ್ತ ಹೋದಂತೆ ಶಾಸಕರ ವರ್ಷ ಯಾವ ಪಂಚಾಂಗದಂತೆ ನಡೆಯುತ್ತದೆ ಎಂಬುದು ಬಿಚ್ಚಿಕೊಂಡಿತು. ಮೇ, ಜೂನ್ ಬಂದರೆ ವರ್ಗಾವಣೆ ಶಿಫಾರಸು. ಅದರ ಬೆನ್ನಿಗೆ ಹಾಸ್ಟೆಲ್ ಸೀಟು. ಬೇಸಿಗೆಯಲ್ಲಿ ಟ್ಯಾಂಕರ್, ಕೊಳವೆಬಾವಿ, ಸುಟ್ಟುಹೋದ ವಿದ್ಯುತ್ ಟ್ರಾನ್ಸ್‌ಫಾರ್ಮರ್. ವರ್ಷವಿಡೀ ತಪ್ಪದೆ ಇರುತ್ತಿದ್ದದ್ದು ಆಸ್ಪತ್ರೆಯ ಪತ್ರಗಳು. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿ ಬೆಂಗಳೂರಿಗೆ ಇಳಿದು, ಶಾಸಕರ ಭವನದ ಕೋಣೆಯ ಮುಂದೆ ಬುತ್ತಿ ಬಿಚ್ಚಿ, ಪತ್ರ ಹಿಡಿದುಕೊಂಡು ಕಿದ್ವಾಯಿಗೋ ಜಯದೇವಕ್ಕೋ ನಿಮ್ಹಾನ್ಸಿಗೋ ಹೋಗುವವರು. ನಮ್ಮ ಕಡೆಯಿಂದ ರಾಜಧಾನಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ದೂರ ನಡುವೆ ಇರುವುದರಿಂದಲೇ ಇಲ್ಲಿಯ ಶಾಸಕರ ಕೆಲಸದಲ್ಲಿ ಅರ್ಧ ಪಾಲು ಪತ್ರ ಕೊಡುವುದಾಗಿರುತ್ತದೆ ಎಂದು ನನಗೆ ಅನ್ನಿಸಿದೆ. ವಿಧಾನಸಭೆಯ 224 ಮಂದಿಯಲ್ಲಿ ಬೆಂಗಳೂರಿನ ಶಾಸಕರಿಗೆ ಈ ಪಾಲು ಇಷ್ಟಿರಲಿಕ್ಕಿಲ್ಲ.

ಇನ್ನು ನೀರು. ಡಿಸೆಂಬರ್ ದಾಟಿ ಎರಡನೇ ಬೆಳೆ ಶುರುವಾದರೆ ವಹಿಯ ಪುಟಪುಟದಲ್ಲೂ ನೀರೇ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರು ಕಡೆಗೆ 227 ಕಿಲೋಮೀಟರ್ ಹರಿಯುತ್ತದೆ. ಕಾಗದದ ಮೇಲೆ ಹರಿಯುತ್ತದೆ ಎನ್ನಬೇಕು. ಯೋಜನೆ ಮಾಡಿದವರು ಹತ್ತಿ, ಜೋಳ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು ಲೆಕ್ಕ ಹಾಕಿ, ಭತ್ತಕ್ಕೆ ಸಣ್ಣ ಪಾಲು ಮಾತ್ರ ಇಟ್ಟಿದ್ದರು. ಮೇಲ್ಭಾಗದಲ್ಲಿ ಕಣ್ಣು ಹಾಯುವವರೆಗೆ ಭತ್ತವೇ ನಿಂತಿತು. ಕಾಲುವೆಗೆ ಪಂಪ್‌ಸೆಟ್‌ಗಳು ಬಾಯಿ ಇಟ್ಟವು. ಇತ್ತ ಜಲಾಶಯದ ಹೊಟ್ಟೆಯಲ್ಲಿ ಹೂಳು ಕುಳಿತು, 133 ಟಿಎಂಸಿ ಹಿಡಿಯಬೇಕಾದದ್ದು 105ರ ಆಸುಪಾಸಿಗೆ ಇಳಿಯಿತು. ಇಷ್ಟೆಲ್ಲ ಕಳೆದು ಉಳಿದದ್ದು ಕೊನೆ ಭಾಗದವರಿಗೆ. ನಮ್ಮ ಕ್ಷೇತ್ರ ಇರುವುದು ಅಲ್ಲಿ.

ಅಳತೆಗೆ ಅಲ್ಲಿ ಇಂದಿಗೂ ಮೈಲು, ಅಡಿ. ನಲವತ್ತೇಳನೇ ಮೈಲು, ಅರವತ್ತೊಂಬತ್ತನೇ ಮೈಲು, ನೂರನಾಲ್ಕನೇ ಮೈಲು ಎಂದರೆ ನಮ್ಮ ರೈತರಿಗೆ ಊರಿನ ಹೆಸರುಗಳಿದ್ದಂತೆ. ಅರವತ್ತೊಂಬತ್ತರಲ್ಲಿ ಗೇಜು, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ಕೇಳಿಯೇ ಎಷ್ಟೋ ಮನೆಗಳಲ್ಲಿ ಬೆಳಗಿನ ಚಹಾ ಕುಡಿಯುತ್ತಾರೆ. ಸಾಹೇಬರೂ ಅಷ್ಟೇ. ಬೆಂಗಳೂರಿನಲ್ಲಿದ್ದರೂ ಎದ್ದ ಕೂಡಲೇ ಮೊದಲ ಕರೆ ಕಾಲುವೆ ಕಾಯುವ ಗ್ಯಾಂಗ್‌ಮನ್‌ಗೆ, ಎಂಜಿನಿಯರಿಗಲ್ಲ. "ಎಂಜಿನಿಯರ್ ನಿನ್ನೆಯ ಗೇಜು ಹೇಳುತ್ತಾನೆ, ಗ್ಯಾಂಗ್‌ಮನ್ ನೀರಲ್ಲಿ ನಿಂತು ಹೇಳುತ್ತಾನೆ" ಎನ್ನುತ್ತಿದ್ದರು.

ವಹಿ ನೋಡುತ್ತಿದ್ದಾಗ ಒಂದು ಫೆಬ್ರವರಿಯಲ್ಲಿ ಹತ್ತು-ಹನ್ನೊಂದು ದಿನ ಒಂದೂ ಪತ್ರ ಹೋಗಿರಲಿಲ್ಲ. ನಾನೇ ರಜೆಯ ಮೇಲಿದ್ದೆನೇ ಎಂದು ಹಾಜರಿ ನೋಡಿದೆ. ಇರಲಿಲ್ಲ. ಆಮೇಲೆ ನೆನಪಾಯಿತು: ಆ ದಿನಗಳಲ್ಲಿ ಸಾಹೇಬರು ಕಾಲುವೆಯ ಮೇಲೆಯೇ ಇದ್ದರು. ರಾತ್ರಿ ರೈತರ ಜೊತೆ ಬ್ಯಾಟರಿ ಹಿಡಿದು ದಂಡೆಗುಂಟ ನಡೆದು, ಎಲ್ಲೆಲ್ಲಿ ತೂಬು ಎತ್ತಿದ್ದಾರೆ ಎಂದು ನೋಡಿ, ಅಲ್ಲಿಂದಲೇ ಅಧಿಕಾರಿಗಳನ್ನು ಎಬ್ಬಿಸುತ್ತಿದ್ದರು. ಸಹಿ ಹಾಕುವವರೇ ಕಚೇರಿಯಲ್ಲಿ ಇಲ್ಲದಾಗ ಪತ್ರ ಎಲ್ಲಿಂದ ಹೋಗಬೇಕು? ಐದು ವರ್ಷದಲ್ಲಿ ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು ನನ್ನ ದಾಖಲೆಯಲ್ಲಿ ಖಾಲಿ ಪುಟವಾಗಿ ಕುಳಿತಿತ್ತು. ಕಾಗದವನ್ನೇ ನಂಬಿ ಬದುಕಿದ ಗುಮಾಸ್ತನಿಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿ.

ಅಲ್ಲಿಂದ ಹೊರಗೆ ಹೊರಟೆ. ಆ ಹನ್ನೊಂದು ದಿನಗಳ ಬಗ್ಗೆ ಗ್ಯಾಂಗ್‌ಮನ್‌ನನ್ನು ಕೇಳಿದೆ, ಮೇಲ್ಭಾಗದ ಇಬ್ಬರು ರೈತರನ್ನೂ ಕೇಳಿದೆ. ಮೇಲಿನವರು ಸಾಹೇಬರನ್ನು ಇವತ್ತಿಗೂ ಕ್ಷಮಿಸಿಲ್ಲ. ನೀರು ಕೆಳಗೆ ಹೋಗಿತ್ತು ಎನ್ನುವುದಕ್ಕೆ ಅವರ ಬೈಗುಳಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಕಾಗಲಿಲ್ಲ.

ಹಿನ್ನೆಲೆ ಬರೆಯುವುದು ಇನ್ನೂ ಕಷ್ಟವಾಯಿತು. ಹುಟ್ಟಿದ್ದು ಇಂಥ ಊರು, ತಂದೆ ರೈತ, ಬಡತನದಲ್ಲಿ ವಿದ್ಯಾಭ್ಯಾಸ. ಇದನ್ನು ಯಾರ ಬಗ್ಗೆಯೂ ಬರೆಯಬಹುದು. ಮನೆಗೆ ಹೋಗಿ ಅವರ ಅಕ್ಕನ ಹತ್ತಿರ ಕುಳಿತೆ. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಡಲು ಆರಂಭಿಸಿದ್ದು 1953ರಲ್ಲಿ. ಆಮೇಲೆ ಕಾಲುವೆ ನಮ್ಮ ಕಡೆ ತೆವಳುತ್ತ ಬಂದ ವರ್ಷಗಳಲ್ಲಿ ಅವರ ತಂದೆ ಮಣ್ಣು ಹೊರುವ ಕೂಲಿಗೆ ಹೋಗಿದ್ದರಂತೆ. "ನಮ್ಮಪ್ಪ ತೋಡಿದ ಕಾಲುವೆಯಲ್ಲಿ ನಮ್ಮಪ್ಪನ ಹೊಲಕ್ಕೇ ನೀರು ಬರಲಿಲ್ಲ" ಎಂದು ಅಕ್ಕ ಹೇಳಿದರು, ಸಿಟ್ಟಿಲ್ಲದೆ, ಮಳೆ ಬರಲಿಲ್ಲ ಎನ್ನುವ ಹಾಗೆ.

ಇನ್ನೊಂದು ಸಂಗತಿಯೂ ಆ ದಿನ ತಿಳಿಯಿತು. ನಮ್ಮದು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನೆಲ, 1956ರವರೆಗೆ ಹೈದರಾಬಾದ್ ರಾಜ್ಯ. ಹಳೆಯ ಕಂದಾಯ ದಾಖಲೆಗಳು ಬಹುಪಾಲು ಉರ್ದುವಿನಲ್ಲಿ. ಸಾಹೇಬರು ಹುಡುಗರಾಗಿದ್ದಾಗ ಊರಿನ ಜಮೀನಿನ ಲೆಕ್ಕ ಇಡುತ್ತಿದ್ದ ಮುದುಕ ಪಟವಾರಿಯೊಬ್ಬರು ಕಣ್ಣು ಮಂಜಾಗಿ ಓದಲಾರದೆ, ಇವರಿಗೆ ಉರ್ದು ಅಕ್ಷರ ಕಲಿಸಿ ತಮ್ಮ ಕಾಗದಗಳನ್ನು ಓದಿಸಿಕೊಳ್ಳುತ್ತಿದ್ದರಂತೆ. ಕೂಲಿ, ಒಂದು ತುಂಡು ಬೆಲ್ಲ. ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಸಕ್ರಮದ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಆ ಸಭೆಗಳಲ್ಲಿ ಸಾಹೇಬರು ಐವತ್ತರ ದಶಕದ ಜಮೀನು ದಾಖಲೆಯಾದ ಖಾಸರಾ ಪಹಣಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಓದುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಸರ್ಕಾರಿ ಗಾಯರಾಣ (ಗೋಮಾಳ) ಎಂದು ತಿರಸ್ಕರಿಸಲು ಹೊರಟಿದ್ದ ಒಂದು ಅರ್ಜಿ ಹಾಗೆ ಓದಿದ್ದರಿಂದಲೇ ಉಳಿಯಿತು. ಎಲ್ಲಿ ಕಲಿತರು ಎಂದು ಮಾತ್ರ ನಾನು ಕೇಳಿರಲಿಲ್ಲ. ಪರಿಚಯದಲ್ಲಿ ಪಟವಾರಿಯ ಕಥೆಯನ್ನು ಬಾಲ್ಯದ ಪ್ಯಾರಾದಲ್ಲಿ ಹಾಕದೆ ಬಗರ್ ಹುಕುಂ ಸಭೆಯ ಪಕ್ಕದಲ್ಲೇ ಹಾಕಿದೆ. ಕೆಲಸಕ್ಕೆ ಬಂದ ಜಾಗದಲ್ಲಿ ಇಟ್ಟರೆ ಮಾತ್ರ ಹಿನ್ನೆಲೆಗೆ ಅರ್ಥ ಎಂದು ನನಗೆ ಹೊಳೆದದ್ದು ಆ ಒಂದು ಪ್ಯಾರಾ ಬರೆಯುವಾಗ.

ಸದನದ ಕೆಲಸಕ್ಕೆ ಪ್ರಶ್ನೋತ್ತರಗಳ ಕಟ್ಟು ಇತ್ತು. ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವ ಚುಕ್ಕೆ ಗುರುತಿನ ಪ್ರಶ್ನೆ ಕೆಲವೇ, ಬರಹದಲ್ಲಷ್ಟೇ ಉತ್ತರ ಬರುವ ಚುಕ್ಕೆ ರಹಿತ ಪ್ರಶ್ನೆ ಹೆಚ್ಚು. ಪ್ರಶ್ನೆಗಳನ್ನು ಬಹುಪಾಲು ನಾನೇ ತಯಾರಿಸಿದ್ದರಿಂದ ಹೊಗಳುವುದಕ್ಕೆ ನಾಚಿಕೆ. ಕಲಿತದ್ದೊಂದಿದೆ: "ಕೊನೆ ಭಾಗದ ರೈತರ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ "ಬಂದಿದೆ" ಎಂದು ಉತ್ತರ ಬರುತ್ತದೆ, ಅಷ್ಟೇ. ಇಂಥ ತಿಂಗಳು, ಇಂಥ ಮೈಲಿನಲ್ಲಿ, ನೀರಾವರಿ ಸಲಹಾ ಸಮಿತಿ ನಿಗದಿ ಮಾಡಿದ ಗೇಜು ಎಷ್ಟು, ಹರಿದದ್ದು ಎಷ್ಟು ಎಂದು ಕೇಳಿದರೆ ಯಾರೋ ಒಬ್ಬರು ಕುಳಿತು ವಹಿ ತೆಗೆಯಲೇಬೇಕಾಗುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ನಮಗೆಲ್ಲ ಭಾರಿ ನಿರೀಕ್ಷೆ ಇತ್ತು. ನಾನು ಕಂಡ ಅಧಿವೇಶನಗಳಲ್ಲಿ ಉತ್ತರ ಕರ್ನಾಟಕದ ಚರ್ಚೆ ಬರುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ, ಉಳಿದವರ ಕಣ್ಣು ಗಡಿಯಾರದ ಮೇಲೆ.

ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ, ಸ್ಥಳೀಯರಿಗೆ ಶಿಕ್ಷಣ-ಉದ್ಯೋಗದಲ್ಲಿ ಮೀಸಲಾತಿ ಕೊಡುವ 371ಜೆ ವಿಧಿಯ ಬಗ್ಗೆಯೂ ಬರೆಯಬೇಕಿತ್ತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಆ ವಿಧಿಗೆ ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಬೀದಿಯಲ್ಲಿ ನಿಂತಿದ್ದರು. ಪ್ರತಿಯೊಬ್ಬ ಶಾಸಕರ ಪರಿಚಯದಲ್ಲೂ "371ಜೆ ಹೋರಾಟಗಾರರು" ಎಂಬ ಮಾತು ಇರುತ್ತದೆ. ಸಾಹೇಬರನ್ನು ಕೇಳಿದೆ. "ಎರಡು ಸಲ ಮೆರವಣಿಗೆಯಲ್ಲಿ ನಡೆದಿದ್ದೇನೆ, ಒಂದು ಸಲ ಅರ್ಧಕ್ಕೆ ಮನೆಗೆ ಬಂದಿದ್ದೇನೆ" ಎಂದರು. ಹೋರಾಟಗಾರ ಎಂದು ಬರೆಯಲಿಲ್ಲ. ವಿಧಿ ಬಂದ ಮೇಲೆ ಮಕ್ಕಳಿಗೆ ಸ್ಥಳೀಯ ಪ್ರಮಾಣಪತ್ರ ಸಿಗುವುದು ತಡವಾದಾಗ ಉಪವಿಭಾಗಾಧಿಕಾರಿಗಳ ಕಚೇರಿಗೆ ಬರೆದ ಪತ್ರಗಳ ಸಂಗತಿಯನ್ನಷ್ಟೇ ಬರೆದೆ.

ಸಮಾಜಸೇವೆಯ ಭಾಗದಲ್ಲಿ ಸಿಕ್ಕಿಬಿದ್ದೆ. ಸಾಮೂಹಿಕ ವಿವಾಹ ಮಾಡಿಸಿದ್ದು ನಿಜ. ಸಹಕಾರ ಸಂಘದ ಅಧ್ಯಕ್ಷರಾಗಿದ್ದಾಗ ಗೊಬ್ಬರ ಕಾಳಸಂತೆಗೆ ಹೋಗದಂತೆ ಗೋದಾಮಿನ ಬೀಗದ ಕೈ ತಾವೇ ಇಟ್ಟುಕೊಂಡಿದ್ದೂ ನಿಜ. ಆದರೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ವರ್ಷದ 2 ಕೋಟಿ ರೂಪಾಯಿಯ ಕ್ರಿಯಾ ಯೋಜನೆಗಳನ್ನು ಒಟ್ಟಿಗೆ ಹರಡಿದಾಗ ಎದ್ದು ಕಂಡದ್ದು ಸಮುದಾಯ ಭವನಗಳು. ಒಂದೊಂದು ಜಾತಿಗೆ ಒಂದೊಂದು. ಬೈಕ್ ಹತ್ತಿ ಕೆಲವನ್ನು ನೋಡಿ ಬಂದೆ. ಎರಡಕ್ಕೆ ಬೀಗ, ಒಂದರಲ್ಲಿ ಮೇವಿನ ಬಣವೆ, ಒಂದರಲ್ಲಿ ಮಾತ್ರ ಕಂಕಣ ಕಟ್ಟಿದ ಚಪ್ಪರ. ಇದನ್ನೂ ಬರೆದೆ, ಮೇವಿನ ಸಮೇತ. ಸಾಹೇಬರು ಆ ಪ್ಯಾರಾದ ಮೇಲೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದರು. ಕೊನೆಗೆ "ಮೇವಿನ ಬಣವೆ" ಎಂಬುದಕ್ಕೆ ಮೊದಲು "ಜೋಳದ" ಎಂದು ಸೇರಿಸಿದರು. ಹೊಡೆದುಹಾಕಲಿಲ್ಲ.

ಇನ್ನೊಂದು ಉಪಾಯ ಮಾಡಿದೆ. ಇದನ್ನು ಯಾರಾದರೂ ಇಂಥ ಬರಹಕ್ಕೆ ಕೈ ಹಾಕಿದರೆ ಮಾಡಿ ನೋಡಲಿ. ಕೆಲಸ ಮಾಡಿಸಿಕೊಂಡವರನ್ನು ಬಿಟ್ಟು, ಇಲ್ಲ ಎನ್ನಿಸಿಕೊಂಡವರನ್ನು ಹುಡುಕಿದೆ. ಅವರು ಆವಕ ವಹಿಯಲ್ಲಿ ಇರುತ್ತಾರೆ, ಜಾವಕದಲ್ಲಿ ಇರುವುದಿಲ್ಲ. ಅಂಥವರಲ್ಲಿ ಒಬ್ಬ ನಿವೃತ್ತ ಶಿಕ್ಷಕರು ಸಿಕ್ಕರು. ತಾಲ್ಲೂಕು ಕೇಂದ್ರಕ್ಕೆ ವರ್ಗಾವಣೆ ಕೇಳಿದ್ದವರು. "ಗುರುಗಳೇ, ಇರುವವರು ಇಬ್ಬರು. ನೀವು ಬಂದರೆ ಆ ಶಾಲೆಗೆ ಬೀಗ ಹಾಕಿಕೊಂಡೇ ಬರಬೇಕು" ಎಂದು ಸಾಹೇಬರು ಕೈ ಮುಗಿದು ಕಳಿಸಿದ್ದರಂತೆ. ಮೇಷ್ಟ್ರು ಅದನ್ನು ಹೇಳಿ, "ಆದರೆ ಅದೇ ವರ್ಷ ಇನ್ನೊಬ್ಬರಿಗೆ ಪತ್ರ ಕೊಟ್ಟರಲ್ಲ, ಅದನ್ನೂ ಬರೆದುಕೊಳ್ಳಿ" ಎಂದರು. ವಹಿ ನೋಡಿದೆ. ಕೊಟ್ಟಿದ್ದರು. ಜಾವಕ ನಂಬರ್ ನನ್ನದೇ ಕೈಬರಹದಲ್ಲಿತ್ತು.

ಪರಿಚಯ ನಾಲ್ಕು ಪುಟವಾಯಿತು. ಸಂಚಿಕೆಯವರು ಜಾಗವಿಲ್ಲವೆಂದು ಸಮುದಾಯ ಭವನ, ಮೇಷ್ಟ್ರು, ಖಾಲಿ ಪುಟ ಮೂರನ್ನೂ ಕತ್ತರಿಸಿ, ಫೋಟೊವನ್ನು ಅರ್ಧ ಪುಟಕ್ಕೆ ಹಿಗ್ಗಿಸಿದರು. ಪಟವಾರಿ ಮಾತ್ರ ಉಳಿದುಕೊಂಡರು, ಅದೂ ಬಾಲ್ಯದ ಪ್ಯಾರಾದಲ್ಲಿ.

2018ರಲ್ಲಿ ಸಾಹೇಬರು ಸೋತರು. ನಾನು ಮಾತೃ ಇಲಾಖೆಗೆ ಮರಳಿದೆ. ಕೆಲವು ತಿಂಗಳ ನಂತರ ಹೊಸ ಶಾಸಕರ ಸಹಾಯಕರು ಕರೆ ಮಾಡಿದರು: "ಸರ್, ಸನ್ಮಾನ ಸಮಾರಂಭವಿದೆ, ನಾಳೆಯೇ ಅಚ್ಚಿಗೆ ಹೋಗಬೇಕು. ಶಾಸಕರ ಪರಿಚಯದ ನಮೂನೆ ಏನಾದರೂ ನಿಮ್ಮ ಹತ್ತಿರ ಇದೆಯೇ?" ಇತ್ತು. ಎರಡೂ ಇದ್ದವು. ನಾಲ್ಕು ಪುಟದ್ದನ್ನು ಮೊದಲು ಕಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಕರೆ ಬಂತು, ಇದರಲ್ಲಿ ಊರು-ಗೇಜು ಎಲ್ಲ ಬಹಳ ಇವೆ ಸರ್, ಬೇರೆ ಇಲ್ಲವೇ ಎಂದು. ಆ ಮೊದಲ ರಾತ್ರಿ ಬರೆದ ಹಾಳೆಯ ಫೋಟೊ ತೆಗೆದು ಕಳಿಸಿದೆ. ಜೇಬಿನಲ್ಲಿ ಮಡಚಿದ ಗೆರೆ ಅದರ ಮೇಲೆ ಹಾಗೇ ಇತ್ತು. ಸಮಾರಂಭದ ಆಹ್ವಾನ ಪತ್ರಿಕೆ ನನಗೂ ಬಂತು. ಹೆಸರೊಂದನ್ನು ಬಿಟ್ಟು ಒಂದು ಅಕ್ಷರವನ್ನೂ ತಿದ್ದಿರಲಿಲ್ಲ.