ಗ್ಯಾಸ್ ಒಲೆಯ ಉರಿ ಕುಣಿಯುತ್ತಿದ್ದರೆ ಮೊದಲು ಗಾಳಿ ನೋಡಿ

ಹಳದಿ ಉರಿ ಎದ್ದು ಕುಣಿಯತೊಡಗಿದರೆ ಸಿಲಿಂಡರ್ ಮುಗಿಯುತ್ತಾ ಬಂತು ಅಂದುಕೊಳ್ಳುವವರೇ ಹೆಚ್ಚು. ಸಿಲಿಂಡರ್ ಮುಗಿಯುವಾಗ ಎಲ್ಲ ಬರ್ನರ್‌ಗಳ ಉರಿಯೂ ಕುಗ್ಗುತ್ತದೆ. ಒಂದೇ ಬರ್ನರ್ ಕುಣಿದರೆ ದೋಷ ಬಹುತೇಕ ಆ ಬರ್ನರ್ ಎಳೆದುಕೊಳ್ಳುವ ಗಾಳಿಯಲ್ಲಿದೆ.

ಪ್ರೊಪೇನ್ ಪೂರ್ತಿ ಉರಿಯಲು ಅದರ ಗಾತ್ರದ ಸುಮಾರು 24 ಪಟ್ಟು ಗಾಳಿ ಬೇಕು, ಬ್ಯುಟೇನ್‌ಗೆ 31 ಪಟ್ಟು. ಎಲ್‌ಪಿಜಿಯಲ್ಲಿ ಇವೆರಡೂ ಇರುತ್ತವೆ. ಜೆಟ್‌ನಿಂದ, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತಿನ ಬಿಡಿಭಾಗದಿಂದ, ರಭಸವಾಗಿ ನುಗ್ಗುವ ಗ್ಯಾಸ್ ಒಂದಷ್ಟು ಗಾಳಿಯನ್ನು ಬರ್ನರ್‌ನ ಕೊಳವೆಯೊಳಗೇ ಸೆಳೆದುಕೊಳ್ಳುತ್ತದೆ, ಉಳಿದದ್ದು ಉರಿಯ ಸುತ್ತಲಿಂದ ಸೇರುತ್ತದೆ. ಒಳಗಿನ ಪಾಲು ಸಾಕಷ್ಟಿದ್ದರೆ ಉರಿ ಗಿಡ್ಡ, ನೀಲಿ, ಸ್ಥಿರ. ಅದು ಕಡಿಮೆಯಾದರೆ ಉರಿ ಉದ್ದವಾಗುತ್ತದೆ, ಮಸಿಯ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ. ಬಿಸಿ ಅನಿಲ ವೇಗವಾಗಿ ಮೇಲೇರುವಾಗ ಅದರ ಅಂಚಿನಲ್ಲಿ ಗಾಳಿ ಸುರುಳಿ ಸುತ್ತಿ ಉರಿಯ ನಡುವನ್ನು ಹಿಸುಕುತ್ತದೆ, ತುದಿ ಕಿತ್ತು ಹಾರುತ್ತದೆ. ಒಂದು ಸೆಂಟಿಮೀಟರ್ ಅಗಲದ ಉರಿಯಲ್ಲಿ ಇದು ಸೆಕೆಂಡಿಗೆ 10–15 ಸಲ. ಅಗಲ ಹೆಚ್ಚಿದಷ್ಟೂ ನಿಧಾನ.

ಫ್ಯಾನ್ ಆರಿಸಿ, ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ತುದಿ ಸಮ ಅಂತರದಲ್ಲಿ ಕಿತ್ತು ಹೋಗುತ್ತಿದ್ದರೆ ಗ್ಯಾಸ್-ಗಾಳಿ ಬೆರಕೆಯ ದೋಷ. ತಾಳವಿಲ್ಲದೆ ಒಂದೇ ಕಡೆ ವಾಲುತ್ತಿದ್ದರೆ ಕಿಟಕಿಯ ಗಾಳಿ. ಸಾರು ಉಕ್ಕಿದ ಮೇಲೆ ಕಾಣುವ ಕಿತ್ತಳೆ ಕಿಡಿ ಉಪ್ಪಿನದು, ಅದಕ್ಕಾಗಿ ಏನನ್ನೂ ತಿರುಗಿಸಬೇಡಿ.

ರೆಗ್ಯುಲೇಟರ್ ಬಂದ್ ಮಾಡಿ, ಬರ್ನರ್ ತಣ್ಣಗಾಗಲು ಬಿಡಿ. ಬರ್ನರ್‌ನ ತಲೆಯನ್ನು ಬಿಸಿ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತೂತುಗಳನ್ನು ಹಲ್ಲುಜ್ಜುವ ಹಳೆ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ. ಆಮೇಲೆ ಕೊಳವೆ. ಅಸಲಿ ಕಳ್ಳ ಬಹುತೇಕ ಇಲ್ಲೇ ಇರುತ್ತಾನೆ: ಜೇಡರ ಬಲೆ, ಜಿಡ್ಡು ಹಿಡಿದ ಧೂಳು. ಬಾಟಲಿ ಬ್ರಷ್ ತೂರಿಸಿ ತೆಗೆಯಿರಿ. ಜೆಟ್‌ಗೆ ಕರೆಂಟ್ ವೈರ್‌ನ ಒಂದು ತಾಮ್ರದ ಎಳೆ ಸಾಕು. ಸೂಜಿ ಹಾಕಿದರೆ ತೂತು ಹಿಗ್ಗಿ ಗ್ಯಾಸ್ ಹೆಚ್ಚುತ್ತದೆ, ಆ ಮೇಲೆ ಎಷ್ಟು ತೊಳೆದರೂ ಹಳದಿ ಹೋಗದು, ಜೆಟ್ ಬದಲಿಸಲೇಬೇಕು. ತಲೆಯನ್ನು ಓರೆಯಾಗದಂತೆ ಕೂರಿಸಿ.

ಕೊಳವೆಯ ಬಾಯಲ್ಲಿ ಗಾಳಿಕಿಂಡಿ ಮುಚ್ಚಿ ತೆರೆಯುವ ತಗಡಿನ ಪಟ್ಟಿ ಕೆಲವು ಒಲೆಗಳಲ್ಲಿ ಮಾತ್ರ ಇರುತ್ತದೆ. ಇದ್ದರೆ ಉರಿ ಹಚ್ಚಿ, ದೊಡ್ಡದಾಗಿಟ್ಟು, ಹಳದಿ ತುದಿ ಮಾಯವಾಗುವವರೆಗೆ ಚೂರುಚೂರೇ ತೆರೆಯಿರಿ. ಅಲ್ಲಿಗೆ ನಿಲ್ಲಿಸಿ. ಅತಿಯಾದರೆ ಉರಿ ತೂತು ಬಿಟ್ಟು ಮೇಲೆದ್ದು ಭರ್ರೆನ್ನುತ್ತದೆ, ಅಂಚು ನಡುಗುತ್ತದೆ, ಒಮ್ಮೊಮ್ಮೆ ಆರಿಯೂ ಹೋಗುತ್ತದೆ. ಆಗ ಪಟ್ಟಿಯನ್ನು ಸ್ವಲ್ಪ ಹಿಂದಕ್ಕೆ ತನ್ನಿ. ಸಣ್ಣ ಉರಿಯಲ್ಲೂ ಒಮ್ಮೆ ನೋಡಬೇಕು: ಗಾಳಿ ಹೆಚ್ಚಿದ್ದು ಗ್ಯಾಸ್ ರಭಸ ಕಡಿಮೆಯಾದರೆ ಉರಿ ಟಪ್ಪೆಂದು ಒಳಕ್ಕೆ ಇಳಿದು ಜೆಟ್ ಬಳಿಯೇ ಉರಿಯಬಹುದು. ತಕ್ಷಣ ನಾಬ್ ಮುಚ್ಚಿ, ತಣ್ಣಗಾದ ಮೇಲೆ ಮತ್ತೆ ಹಚ್ಚಿ. ಜೆಟ್ ಬಿಚ್ಚಿದ್ದರೆ ಆ ಜೋಡಣೆಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ನೋಡಿಯೇ ಒಲೆ ಬಳಸಿ.