ಪಾರ್ಕಿನ್ಸನ್ ಇದ್ದವರಿಗೆ ಕಾಲಿನ ಬಲ: ಕುರ್ಚಿಯಿಂದ ಏಳುವ ಅಭ್ಯಾಸ ಹೇಗೆ?

ಪಾರ್ಕಿನ್ಸನ್ ಎಂದರೆ ಕೈ ನಡುಕ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಓಡಾಟಕ್ಕೆ ನಿಜವಾದ ತೊಡಕು ಚಲನೆ ನಿಧಾನವಾಗುವುದು, ಸ್ನಾಯು ಬಿಗಿಯುವುದು ಮತ್ತು ಕಾಲಿನ ಕಸುವು ಕುಂದುವುದು. ಮಿದುಳಿನಲ್ಲಿ ಚಲನೆಗೆ ನೆರವಾಗುವ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುವುದರಿಂದ ಬರುವ ನಿಧಾನಕ್ಕೆ ಮಾತ್ರೆಯಿದೆ. ಬೀಳುವ ಭಯದಿಂದ ಕುಳಿತೇ ಇದ್ದು ಕರಗಿಸಿಕೊಂಡ ಬಲಕ್ಕೆ ವ್ಯಾಯಾಮವೇ ಗತಿ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡು ವರ್ಷ ಕಾಲ ಭಾರವನ್ನು ಕ್ರಮೇಣ ಹೆಚ್ಚಿಸುತ್ತ ವ್ಯಾಯಾಮ ಮಾಡಿದವರ ಚಲನೆ, ಮಾತ್ರೆಯ ಪ್ರಭಾವ ಇಲ್ಲದ ಹೊತ್ತಿನಲ್ಲಿ ಅಳೆದಾಗಲೂ, ಭಾರ ಹೆಚ್ಚಿಸದೆ ವ್ಯಾಯಾಮ ಮಾಡಿದವರಿಗಿಂತ ಚೆನ್ನಾಗಿತ್ತು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಡೋಪಮಿನ್ ಕೊರತೆ ತುಂಬುವ ಲೆವೊಡೋಪಾ ಮಾತ್ರೆ ನುಂಗಿದ ಸುಮಾರು ಒಂದು ಗಂಟೆಗೆ, ಮೈ ಹಗುರಾದಾಗ ಆರಂಭಿಸುವುದು ಲೇಸು. ಬೇಳೆ, ಮೊಟ್ಟೆಯಂಥ ಪ್ರೋಟೀನ್ ಹೆಚ್ಚಿರುವ ಊಟದ ಜೊತೆಗೆ ಮಾತ್ರೆ ತೆಗೆದುಕೊಂಡರೆ ಕೆಲವರಲ್ಲಿ ಅದರ ಪರಿಣಾಮ ತಗ್ಗುತ್ತದೆ.

ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಮೆತ್ತನೆಯ ಸೋಫಾ ಒಳಗೆಳೆದುಕೊಳ್ಳುತ್ತದೆ. ಅಂಚಿಗೆ ಸರಿದು ಕುಳಿತು, ಪಾದಗಳನ್ನು ತುಸು ಅಗಲಿಸಿ, ಹಿಮ್ಮಡಿ ಮೊಣಕಾಲಿಗಿಂತ ಹಿಂದಿರುವಂತೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಗಟ್ಟಿಯಾಗಿ ‘ಒಂದು, ಎರಡು, ಮೂರು’ ಎಂದು ಎಣಿಸಿ ಒಮ್ಮೆಲೇ ಎದ್ದುನಿಲ್ಲಿ. ಬಹಳ ಮಂದಿ ಬಾಗುವುದನ್ನೇ ಬಿಟ್ಟು ಏಳಲು ಹೋಗಿ ಹಿಂದಕ್ಕೆ ಬೀಳುತ್ತಾರೆ. ಮನೆಯವರು ಪ್ರೀತಿಯಿಂದ ಕೈಹಿಡಿದು ಎಳೆಯುವುದೂ ಉಪಕಾರವಲ್ಲ, ಪಕ್ಕದಲ್ಲಿ ನಿಂತರೆ ಸಾಕು.

ಕುಳಿತುಕೊಳ್ಳುವುದೇ ಈ ಅಭ್ಯಾಸದ ಮುಖ್ಯ ಭಾಗ ಎಂಬುದು ನನ್ನ ಅಭಿಪ್ರಾಯ. ಕಾಲಿನ ಹಿಂಬದಿ ಕುರ್ಚಿಗೆ ತಾಗಿದ ಮೇಲೆ, ನಾಲ್ಕು ಎಣಿಸುವಷ್ಟು ಹೊತ್ತು ತೆಗೆದುಕೊಂಡು, ಧೊಪ್ಪನೆ ಕೂರದೆ ತೊಡೆಯ ಹಿಡಿತದಿಂದ ಇಳಿಯಿರಿ. ಎಂಟು ಹತ್ತು ಬಾರಿ ಮಾಡಿ, ಸುಧಾರಿಸಿಕೊಂಡು ಇನ್ನೊಮ್ಮೆ ಅಷ್ಟೇ ಮಾಡಿ. ವಾರದಲ್ಲಿ ಎರಡು ಮೂರು ದಿನ, ನಡುವೆ ಒಂದು ದಿನದ ಬಿಡುವಿರಲಿ. ಸಲೀಸಾದಾಗ ಕೈಯೂರದೆ ಏಳಿ, ನಂತರ ಒಂದು ಕಿಲೋ ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಏಳಿ.

ಹೊಸ್ತಿಲ ಬಳಿ, ಇಕ್ಕಟ್ಟಾದ ಜಾಗದಲ್ಲಿ, ತಿರುಗುವಾಗ ಪಾದ ನೆಲಕ್ಕೆ ಅಂಟಿದಂತಾದರೆ ಮೈಯನ್ನು ಬಲವಂತವಾಗಿ ಮುಂದಕ್ಕೆ ತಳ್ಳಬೇಡಿ. ನಿಂತು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹೊರಳಿಸಿ, ನೆಲದಲ್ಲಿ ಅಡ್ಡಗೆರೆ ಇದೆಯೆಂದುಕೊಂಡು ಅದನ್ನು ದಾಟುವಂತೆ ಹೆಜ್ಜೆ ಎತ್ತಿಡಿ.

ಎದ್ದ ಕೂಡಲೇ ಕಣ್ಣು ಕತ್ತಲಿಟ್ಟರೆ ರಕ್ತದೊತ್ತಡ ಇಳಿದಿರಬಹುದು. ಹಾಗಾದವರು, ಈಗಾಗಲೇ ಬಿದ್ದಿರುವವರು ನರರೋಗ ತಜ್ಞರಿಗೆ ತಿಳಿಸಿ, ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಇದನ್ನು ಶುರುಮಾಡಬೇಕು.